ಚಿತ್ರಕಾದಂಬರಿಯಲ್ಲಿ ಬೆಳವಣಿಗೆಯ ವೈಕಲ್ಯದ ಬದುಕು: ಬರೆಯುವವರಿಗೂ ಬಿಡಿಸುವವರಿಗೂ ಒಂದು ಮಾರ್ಗದರ್ಶಿ

ಆಟಿಸಂ, ಡೌನ್ ಸಿಂಡ್ರೋಮ್, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವೈಕಲ್ಯ ಮುಂತಾಗಿ ಹುಟ್ಟಿನಿಂದಲೋ ಬಾಲ್ಯದಿಂದಲೋ ಆರಂಭವಾಗಿ ಬದುಕಿನುದ್ದಕ್ಕೂ ಜೊತೆಗಿರುವ ಸ್ಥಿತಿಗಳನ್ನು ಒಟ್ಟಾಗಿ ಬೆಳವಣಿಗೆಯ ವೈಕಲ್ಯಗಳೆಂದು ಕರೆಯಲಾಗುತ್ತದೆ. ಇವುಗಳೊಂದಿಗೆ ಬದುಕುವವರ ಕಥೆಯನ್ನು ಚೌಕಟ್ಟು ಚೌಕಟ್ಟಾಗಿ ಚಿತ್ರಗಳಲ್ಲೇ ಸಾಗುವ ಚಿತ್ರಕಾದಂಬರಿಯಾಗಿ ಹೇಳಹೊರಟವರಿಗೆ ಗದ್ಯ ಲೇಖಕರಿಗಿಲ್ಲದ ಒಂದು ಕಷ್ಟವೂ ಒಂದು ಅನುಕೂಲವೂ ಇದೆ. ಗದ್ಯದಲ್ಲಿ ಪಾತ್ರದ ಮುಖವನ್ನು ಒಮ್ಮೆ ವರ್ಣಿಸಿ ಮುಂದಕ್ಕೆ ಹೋಗಬಹುದು. ಚಿತ್ರದಲ್ಲಿ ಅದೇ ಮುಖವನ್ನು, ಅದೇ ನಡಿಗೆಯನ್ನು ನೂರಾರು ಬಾರಿ ಬಿಡಿಸಬೇಕಾಗುತ್ತದೆ, ಮತ್ತು ಮೈಕಟ್ಟಿನ ಭಿನ್ನತೆಯನ್ನು ನಗೆಗೆ ಬಳಸುವ ವ್ಯಂಗ್ಯಚಿತ್ರದ ಹಳೆಯ ಚಾಳಿ ಕೈಗೆ ಅಂಟಿಕೊಂಡೇ ಇರುತ್ತದೆ. ಅನುಕೂಲವೆಂದರೆ, ಇಲ್ಲಿ ಕಾಲ ಕಲಾವಿದರ ಹಿಡಿತದಲ್ಲಿದೆ: ಒಂದು ಕ್ಷಣವನ್ನು ಆರು ಚೌಕಟ್ಟುಗಳಿಗೆ ಹಿಗ್ಗಿಸಬಹುದು, ಒಂದು ವರ್ಷವನ್ನು ಎರಡು ಚೌಕಟ್ಟುಗಳ ನಡುವಿನ ಬಿಳಿ ಜಾಗದಲ್ಲಿ ದಾಟಿಬಿಡಬಹುದು.

ಇಂಥ ಕೃತಿ ತನ್ನ ಪಾತ್ರಗಳನ್ನು ಗೌರವದಿಂದ ಕಂಡಿದೆಯೇ ಎಂಬುದು ಕಥಾಸಾರಾಂಶದಿಂದ ತಿಳಿಯುವುದಿಲ್ಲ. ನೋಡುವ ಕಣ್ಣನ್ನು ಎಲ್ಲಿಟ್ಟಿದ್ದೀರಿ, ಮಾತಿನ ಗುಳ್ಳೆಯನ್ನು ಯಾರಿಗೆ ಕೊಟ್ಟಿದ್ದೀರಿ, ಒಂದು ಉತ್ತರಕ್ಕಾಗಿ ಎಷ್ಟು ಚೌಕಟ್ಟು ಕಾದಿದ್ದೀರಿ ಎಂಬ ಸಣ್ಣ ಸಣ್ಣ ತೀರ್ಮಾನಗಳಲ್ಲಿ ಅದು ನಿರ್ಧಾರವಾಗುತ್ತದೆ. ಆದ್ದರಿಂದ ಕೆಲಸ ನಡೆಯುವ ಕ್ರಮದಲ್ಲೇ ಈ ತೀರ್ಮಾನಗಳನ್ನು ಒಂದೊಂದಾಗಿ ನೋಡೋಣ.

1. ಯಾರ ಕಥೆ ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಿ

ಈ ವಿಷಯದ ಹಲವು ಕೃತಿಗಳನ್ನು ತಂದೆ, ತಾಯಿ ಅಥವಾ ಒಡಹುಟ್ಟಿದವರು ರಚಿಸಿದ್ದಾರೆ. ಅದರಲ್ಲಿ ತಪ್ಪೇನಿಲ್ಲ. ತಂದೆಯ ಕಥೆಯನ್ನು ಮಗಳ ಕಥೆಯೆಂದು ಹೇಳಿಕೊಂಡಾಗ ಮಾತ್ರ ತೊಂದರೆ ಶುರುವಾಗುತ್ತದೆ. ಫ್ರಾನ್ಸಿನ ಕಲಾವಿದ ಫೇಬಿಯನ್ ತುಲ್ಮೆ 2014ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿ, ಡೌನ್ ಸಿಂಡ್ರೋಮ್ ಇರುವ ಮಗಳು ಹುಟ್ಟಿದಾಗ ತನ್ನೊಳಗೆ ಎದ್ದ ನಿರಾಕರಣೆಯನ್ನು ಮುಚ್ಚಿಡದೆ ಬಿಡಿಸಿದ್ದಾರೆ. ಬದಲಾಗಬೇಕಾದವನು ತಂದೆ ಎಂಬುದು ಓದುಗರಿಗೆ ಸ್ಪಷ್ಟವಾಗಿರುವುದರಿಂದಲೇ ಆ ಪ್ರಾಮಾಣಿಕತೆಗೆ ಬೆಲೆ ಬಂದಿದೆ. ಅಮೆರಿಕದ ಪಾಲ್ ಮತ್ತು ಜೂಡಿ ಕರಾಸಿಕ್ 2003ರಲ್ಲಿ ತಮ್ಮ ಆಟಿಸ್ಟಿಕ್ ಅಣ್ಣನ ಬಗ್ಗೆ ತಂದ ಪುಸ್ತಕದಲ್ಲಿ ಪಾಲ್ ಅವರ ಅಧ್ಯಾಯಗಳು ಚಿತ್ರಕಥೆಯಾಗಿಯೂ ಜೂಡಿ ಅವರ ಅಧ್ಯಾಯಗಳು ಗದ್ಯವಾಗಿಯೂ ಸರದಿಯಂತೆ ಬರುತ್ತವೆ. ಒಂದೇ ಮನೆಯನ್ನು ಇಬ್ಬರು ಎರಡು ಬಗೆಯಲ್ಲಿ ಕಂಡಿದ್ದಾರೆ ಎಂಬುದನ್ನು ಪುಸ್ತಕದ ರೂಪವೇ ಹೇಳುತ್ತದೆ.

ಒಂದು ಪರೀಕ್ಷೆ ಮಾಡಿ ನೋಡಿ. ಕಥೆಯನ್ನು ಒಂದೇ ವಾಕ್ಯದಲ್ಲಿ ಬರೆದು, ಆ ವಾಕ್ಯದ ಕರ್ತೃ ಯಾರು ಎಂದು ಗಮನಿಸಿ. ‘ಬೌದ್ಧಿಕ ವೈಕಲ್ಯವಿರುವ ಹುಡುಗನಿಂದ ಒಂದು ಕುಟುಂಬ ಪ್ರೀತಿಯನ್ನು ಕಲಿಯುತ್ತದೆ’ ಎಂದಾದರೆ ಹುಡುಗ ಅಲ್ಲಿ ಬರೀ ನಿಮಿತ್ತ. ‘ಗೋದಾಮಿನಲ್ಲಿ ಕೆಲಸ ಸಿಕ್ಕ ಯುವಕ ತಾನೊಬ್ಬನೇ ಬಸ್ಸಿನಲ್ಲಿ ಹೋಗಿಬರಬೇಕೆಂದು ಹಟ ಹಿಡಿಯುತ್ತಾನೆ’ ಎಂದಾದರೆ ಅವನಿಗೊಂದು ಬಯಕೆಯಿದೆ, ಅದಕ್ಕೊಂದು ಅಡ್ಡಿಯಿದೆ. ಮುಂದಿನ ಪುಟ ತಿರುವಲು ಓದುಗರಿಗೆ ಕಾರಣವೂ ಇದೆ.

2. ಸ್ಥಿತಿಯನ್ನು ಓದಿಕೊಳ್ಳಿ, ಆಮೇಲೆ ಒಬ್ಬ ವ್ಯಕ್ತಿಗೆ ಇಳಿಸಿ

‘ವೈಕಲ್ಯವಿರುವ ಪಾತ್ರ’ ಎಂಬ ಸಾಮಾನ್ಯ ಪಾತ್ರವೊಂದು ಇಲ್ಲ. ಡೌನ್ ಸಿಂಡ್ರೋಮ್‌ಗೆ ಕಾರಣ 21ನೆಯ ಕ್ರೋಮೋಸೋಮಿನ ಹೆಚ್ಚುವರಿ ಪ್ರತಿ ಎಂದು 1959ರಲ್ಲಿ ತಿಳಿದುಬಂತು. ಆದರೆ ಚಿತ್ರಕಾರರಿಗೆ ಬೇಕಾಗುವುದು ಆ ಒಂದು ಪ್ರತಿಯಿಂದ ದಿನನಿತ್ಯದಲ್ಲಿ ಏನೇನಾಗುತ್ತದೆ ಎಂಬುದು. ಈ ಸ್ಥಿತಿಯೊಂದಿಗೆ ಹುಟ್ಟುವ ಮಕ್ಕಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಹೃದಯದ ದೋಷವಿರುತ್ತದೆ. ಹಾಗಾಗಿ ಅಂಗಿ ಬದಲಿಸುವ ದೃಶ್ಯದಲ್ಲಿ ಎದೆಯ ನಡುವೆ ಶಸ್ತ್ರಚಿಕಿತ್ಸೆಯ ಹಳೆಯ ಗಾಯದ ಗೆರೆಯಿರಬಹುದು. ಸ್ನಾಯುಗಳ ಬಿಗಿ ಕಡಿಮೆಯಿರುವುದರಿಂದ ಕೀಲುಗಳು ಸಡಿಲ, ಕೂರುವ ಭಂಗಿ ಬೇರೆ. ಮೂಗಿನ ಸೇತು ತಗ್ಗಾಗಿರುವುದರಿಂದ ಕನ್ನಡಕ ಪದೇ ಪದೇ ಜಾರುತ್ತದೆ, ಬೆರಳು ಅದನ್ನು ಮೇಲೇರಿಸುತ್ತಲೇ ಇರುತ್ತದೆ. ಇಂಥ ಒಂದು ಚಲನೆ ಪಾತ್ರವನ್ನು ಕಣ್ಣಮುಂದೆ ತರುವಷ್ಟು ಮುಖಲಕ್ಷಣಗಳ ಪಟ್ಟಿ ತರಲಾರದು.

ಸೆರೆಬ್ರಲ್ ಪಾಲ್ಸಿ ಬೆಳೆಯುತ್ತಿರುವ ಮಿದುಳಿಗಾದ ಹಾನಿಯ ಫಲ. ಆ ಹಾನಿ ವರ್ಷಗಳೊಂದಿಗೆ ಹೆಚ್ಚುವುದಿಲ್ಲ, ಆದರೆ ಅದು ದೇಹದ ಮೇಲೆ ಮಾಡುವ ಪರಿಣಾಮ ವಯಸ್ಸಿನೊಂದಿಗೆ ಬದಲಾಗುತ್ತದೆ. ನಲವತ್ತರಲ್ಲಿ ಕೀಲುನೋವು, ದಣಿವು ಜೊತೆಯಾಗುತ್ತವೆ. ಸ್ನಾಯುಗಳು ಬಿಗಿಯುವ ಬಗೆ ಅತಿ ಹೆಚ್ಚು ಕಾಣಸಿಗುವಂಥದ್ದು. ತಾನಾಗಿ ಚಲನೆಗಳು ಉಂಟಾಗುವ ಬಗೆ, ಸಮತೋಲ ತಪ್ಪುವ ಬಗೆ ಇವು ಬೇರೆ, ಮತ್ತು ಚಿತ್ರದಲ್ಲಿ ಇವುಗಳ ಗೆರೆಗಳೂ ಬೇರೆಯಾಗಬೇಕು. ಬೆಚ್ಚಿದಾಗ, ಖುಷಿಯಾದಾಗ, ಅವಸರಪಟ್ಟಾಗ ಬಿಗಿತ ಏರುವುದುಂಟು; ಹಾಗಾಗಿ ಅದೇ ಪಾತ್ರದ ಅದೇ ಕೈ ಎಲ್ಲ ಚೌಕಟ್ಟುಗಳಲ್ಲೂ ಒಂದೇ ಕೋನದಲ್ಲಿ ಮಡಚಿದ್ದರೆ ಅದು ಗೊಂಬೆಯ ಕೈ. ಚಲನೆಯ ಸಾಮರ್ಥ್ಯವನ್ನು ಐದು ಹಂತಗಳಲ್ಲಿ ವಿವರಿಸುವ ವರ್ಗೀಕರಣವೊಂದು 1997ರಿಂದ ಬಳಕೆಯಲ್ಲಿದೆ. ನಿಮ್ಮ ಪಾತ್ರ ಯಾವ ಹಂತದಲ್ಲಿದೆ ಎಂದು ಟಿಪ್ಪಣಿಯಲ್ಲಿ ಬರೆದಿಟ್ಟುಕೊಂಡರೆ, ಹತ್ತನೆಯ ಪುಟದಲ್ಲಿ ಆಸರೆಯಿಲ್ಲದೆ ಮೆಟ್ಟಿಲು ಹತ್ತಿದವಳು ನಲವತ್ತನೆಯ ಪುಟದಲ್ಲಿ ಕಾರಣವಿಲ್ಲದೆ ಗಾಲಿಕುರ್ಚಿಯಲ್ಲಿ ಕಾಣಿಸಿಕೊಳ್ಳುವ ಎಡವಟ್ಟು ತಪ್ಪುತ್ತದೆ. ಸೆರೆಬ್ರಲ್ ಪಾಲ್ಸಿ ಇರುವ ಎಷ್ಟೋ ಜನರಿಗೆ ಬೌದ್ಧಿಕ ವೈಕಲ್ಯ ಇರುವುದೇ ಇಲ್ಲ ಎಂಬುದನ್ನೂ ಮರೆಯಬಾರದು.

ಆಟಿಸಂ ಹೊರನೋಟಕ್ಕೆ ಗುರುತು ಸಿಗುವಂಥದ್ದಲ್ಲ; ಅದು ಕಾಣಿಸುವುದು ನಡವಳಿಕೆಯಲ್ಲಿ. ಅಮೆರಿಕದ ಮನೋವೈದ್ಯರ ಕೈಪಿಡಿಯ 2013ರ ಆವೃತ್ತಿ ಆಟಿಸಂನ ಒಂದು ಬಗೆಗಿದ್ದ ಆಸ್ಪರ್ಜರ್ ಎಂಬ ಪ್ರತ್ಯೇಕ ಹೆಸರನ್ನು ಕೈಬಿಟ್ಟು, ಶಬ್ದ, ಬೆಳಕು, ಸ್ಪರ್ಶಗಳಿಗೆ ಅತಿಯಾಗಿ ಅಥವಾ ತೀರಾ ಕಡಿಮೆಯಾಗಿ ಸ್ಪಂದಿಸುವುದನ್ನೂ ಲಕ್ಷಣಗಳಲ್ಲಿ ಸೇರಿಸಿತು. ಕಥೆ 1990ರ ದಶಕದ್ದಾದರೆ ವೈದ್ಯರ ಬಾಯಿಯ ಪದಗಳೂ ಆ ಕಾಲದವೇ ಆಗಿರಲಿ.

ಇಲ್ಲೇ ಇನ್ನೊಂದು ಮಾತು. ‘ಮೂವತ್ತರ ದೇಹದಲ್ಲಿ ಐದು ವರ್ಷದ ಮನಸ್ಸು’ ಎಂಬ ವಿವರಣೆಯನ್ನು ನಿಮ್ಮ ಟಿಪ್ಪಣಿಯಿಂದಲೇ ಹೊಡೆದುಹಾಕಿ. ಮೂವತ್ತು ವರ್ಷ ಬದುಕಿದವರಿಗೆ ಮೂವತ್ತು ವರ್ಷದ ನೆನಪುಗಳಿವೆ, ಅವಮಾನಗಳಿವೆ, ದೇಹದ ಆಸೆಗಳಿವೆ. ಲೆಕ್ಕ ಬಾರದಿರುವುದರಿಂದ ಇವು ಯಾವುವೂ ಇಲ್ಲವಾಗುವುದಿಲ್ಲ.

3. ಒಪ್ಪಿಗೆಯನ್ನು ಒಂದೇ ಸಲ ಕೇಳಿ ಮುಗಿಸಬೇಡಿ

ಕಥೆ ನಿಜವಾದ ವ್ಯಕ್ತಿಯದ್ದಾಗಿದ್ದರೆ, ಅಥವಾ ಕಲ್ಪಿತವಾದರೂ ಯಾರದೋ ಬದುಕಿನಿಂದ ವಿವರಗಳನ್ನು ತೆಗೆದುಕೊಂಡಿದ್ದರೆ, ತಂದೆತಾಯಿಯ ಸಹಿ ಸಾಲದು. ವಿಶ್ವಸಂಸ್ಥೆ 2006ರಲ್ಲಿ ಅಂಗೀಕರಿಸಿದ ವಿಕಲಚೇತನರ ಹಕ್ಕುಗಳ ಒಡಂಬಡಿಕೆಯ 12ನೆಯ ವಿಧಿಯ ಹುರುಳು ಇದೇ: ತೀರ್ಮಾನ ತೆಗೆದುಕೊಳ್ಳಲು ನೆರವು ಬೇಕಾದರೆ ನೆರವು ಕೊಡಬೇಕು, ಆ ನೆಪದಲ್ಲಿ ತೀರ್ಮಾನವನ್ನೇ ಕಸಿದುಕೊಳ್ಳಬಾರದು. ಚಿತ್ರಕಾದಂಬರಿಗೆ ಇಲ್ಲಿ ಒಂದು ಸ್ವಾಭಾವಿಕ ಅನುಕೂಲವಿದೆ. ಕರಡು ಪುಟಗಳನ್ನೇ ಮುಂದಿಟ್ಟು, ‘ಇದು ನೀವು, ಇದು ನಿಮ್ಮ ಕೋಣೆ, ಇಲ್ಲಿ ನೀವು ಅಳುತ್ತಿದ್ದೀರಿ, ಇದನ್ನು ಬೇರೆಯವರು ನೋಡಬಹುದೇ?’ ಎಂದು ಕೇಳಬಹುದು. ಬೇಡವೆನ್ನುವುದಕ್ಕೂ ಒಂದು ಸುಲಭ ದಾರಿ ಇಡಿ: ಬೇಡವಾದ ಪುಟವನ್ನು ಮಗುಚಿಡುವುದು, ಕೆಂಪು ಚೀಟಿ ಅಂಟಿಸುವುದು, ಹೀಗೆ. ಎದುರಿಗೆ ಕುಳಿತವರನ್ನು ಮೆಚ್ಚಿಸಲು ಎಲ್ಲದಕ್ಕೂ ಹೂಂ ಎನ್ನುವ ಅಭ್ಯಾಸ ಅನೇಕರಿಗೆ ಬಾಲ್ಯದಿಂದಲೇ ಆಗಿರುತ್ತದೆ. ಆದ್ದರಿಂದ ಅದೇ ಪ್ರಶ್ನೆಯನ್ನು ಕೆಲವು ದಿನಗಳ ನಂತರ, ಬೇರೆ ಮಾತುಗಳಲ್ಲಿ, ಸಾಧ್ಯವಾದರೆ ಮನೆಯವರಿಲ್ಲದ ಹೊತ್ತಿನಲ್ಲಿ ಮತ್ತೆ ಕೇಳಿ.

ಶೌಚ, ಸ್ನಾನ, ಮೂರ್ಛೆ, ನಿಯಂತ್ರಣ ತಪ್ಪಿದ ಕ್ಷಣ ಇವುಗಳ ಬಗ್ಗೆ ನನ್ನ ನಿಲುವು ಸ್ವಲ್ಪ ಕಟುವಾದದ್ದು. ಪುಸ್ತಕ ಮಾರುಕಟ್ಟೆಯಲ್ಲಿ ಉಳಿಯುವಷ್ಟು ಕಾಲ ಆ ಚಿತ್ರವೂ ಉಳಿಯುತ್ತದೆ, ಮಗು ಬೆಳೆದು ದೊಡ್ಡವನಾದ ಮೇಲೂ ಉಳಿಯುತ್ತದೆ. ನಿಮ್ಮದೇ ಅಂಥ ಕ್ಷಣವನ್ನು ಬೇರೊಬ್ಬರು ಬಿಡಿಸಿ ಮಾರಲು ನೀವು ಒಪ್ಪುವುದಿಲ್ಲವಾದರೆ ಅವರದ್ದನ್ನೂ ಬಿಡಿಸಬೇಡಿ.

ಸಲಹೆ ಕೊಟ್ಟವರಿಗೆ ಹಣ ಕೊಡಿ. ಕೃತಜ್ಞತೆಯ ಸಾಲು ಸಂಭಾವನೆಗೆ ಸಮವಲ್ಲ.

4. ಪಾತ್ರದ ಮಾದರಿ ಹಾಳೆ

ಪಾತ್ರದ ಮುಖ, ಮೈಕಟ್ಟು, ಭಂಗಿಗಳನ್ನು ಮೊದಲೇ ಬಿಡಿಸಿಟ್ಟುಕೊಳ್ಳುವ ಹಾಳೆಯಿದು. ಇದರ ಮುಖ್ಯ ನಿಯಮ ಒಂದೇ: ಪುಸ್ತಕದ ಎಲ್ಲ ಮುಖಗಳನ್ನೂ ಒಂದೇ ಪ್ರಮಾಣದಲ್ಲಿ ಸರಳಗೊಳಿಸಿ. ಉಳಿದವರ ಕಣ್ಣುಗಳೆಲ್ಲ ಎರಡು ಚುಕ್ಕೆಗಳಾಗಿದ್ದು, ಡೌನ್ ಸಿಂಡ್ರೋಮ್ ಇರುವವಳ ಕಣ್ಣಿಗೆ ಮಾತ್ರ ರೆಪ್ಪೆಯ ಮಡಿಕೆ, ಓರೆ, ನೆರಳು ಎಲ್ಲವನ್ನೂ ಹಾಕಿದರೆ ಅವಳೊಬ್ಬಳು ವೈದ್ಯಕೀಯ ಪಠ್ಯದಿಂದ ಕತ್ತರಿಸಿ ಅಂಟಿಸಿದಂತೆ ಕಾಣುತ್ತಾಳೆ. ಚುಕ್ಕೆ ಕಣ್ಣಿನ ಶೈಲಿಯಲ್ಲೂ ಅವಳನ್ನು ಗುರುತಿಸುವಂತೆ ಮಾಡಲು ಮೈಯ ಪ್ರಮಾಣ, ಎತ್ತರ, ಕತ್ತಿನ ಅಗಲ, ಕನ್ನಡಕ ಸರಿಪಡಿಸುವ ಕೈ ಇಷ್ಟು ಸಾಕು. ಇನ್ನೊಂದು ಸಂಗತಿಯನ್ನು ಬಹಳ ಜನ ಗಮನಿಸುವುದಿಲ್ಲ: ಡೌನ್ ಸಿಂಡ್ರೋಮ್ ಇರುವವರು ಮೊದಲಿಗೆ ತಮ್ಮ ತಂದೆತಾಯಿಯನ್ನು ಹೋಲುತ್ತಾರೆ. ಅಮ್ಮನ ಗಲ್ಲ, ಅಜ್ಜನ ಕಿವಿ ಮಾದರಿ ಹಾಳೆಯಲ್ಲಿ ಇರಲಿ. ಬಟ್ಟೆ ವಯಸ್ಸಿಗೆ ತಕ್ಕಂತಿರಲಿ. ಮೂವತ್ತರ ಹೆಂಗಸಿಗೆ ಕಾರ್ಟೂನು ಕರಡಿಯ ಅಂಗಿ ತೊಡಿಸುವುದಾದರೆ ಅದನ್ನು ಆಯ್ದವರು ಅವಳೋ, ಮನೆಯವರೋ ಎಂಬುದು ಕಥೆಯಲ್ಲಿ ತಿಳಿಯಬೇಕು.

ನಡಿಗೆಯನ್ನು ಊಹೆಯಿಂದ ಬಿಡಿಸಬೇಡಿ. ಒಪ್ಪಿಗೆ ಪಡೆದು ತೆಗೆದ ಚಿಕ್ಕ ವಿಡಿಯೊವನ್ನು ಒಂದೊಂದೇ ಬಿಂಬವಾಗಿ ನಿಲ್ಲಿಸಿ, ಭಾರ ಯಾವ ಕಾಲಿನ ಮೇಲೆ ಬೀಳುತ್ತದೆ, ಹಿಮ್ಮಡಿ ನೆಲಕ್ಕೆ ತಾಗುತ್ತದೆಯೇ, ಸಮತೋಲಕ್ಕಾಗಿ ಯಾವ ಕೈ ಮೇಲೇಳುತ್ತದೆ ಎಂದು ನೋಡಿ. ತುದಿಗಾಲಲ್ಲಿ ನಡೆಯುವವರ ಬೂಟು ಮುಂಭಾಗದಲ್ಲಿ ಸವೆದಿರುತ್ತದೆ.

ಗಾಲಿಕುರ್ಚಿಯ ವಿಷಯದಲ್ಲಿ ಕಣ್ಣಿಗೆ ಹೊಡೆದು ಕಾಣುವ ತಪ್ಪೆಂದರೆ, ನಿತ್ಯವೂ ಅದನ್ನು ಬಳಸುವ ಪಾತ್ರಕ್ಕೆ ಆಸ್ಪತ್ರೆಯ ವರಾಂಡದ ಕುರ್ಚಿಯನ್ನು ಕೊಡುವುದು. ನಿತ್ಯದ ಕುರ್ಚಿ ಸೊಂಟದ ಅಗಲಕ್ಕೆ ಅಳತೆ ಮಾಡಿ ಮಾಡಿಸಿದ್ದಾಗಿರುತ್ತದೆ. ತಲೆಗೆ ಆಸರೆ ಬೇಕಾದವರಿಗೆ ಆಸರೆ, ಪಾದಗಳಿಗೆ ಪಟ್ಟಿ, ವಿದ್ಯುತ್ ಕುರ್ಚಿಯಾದರೆ ಹಿಡಿತ ಚೆನ್ನಾಗಿರುವ ಕೈಯ ಕಡೆಗೇ ಚಾಲನಾ ಕಡ್ಡಿ. ಈ ಕಡ್ಡಿ ಪುಟದಿಂದ ಪುಟಕ್ಕೆ ಎಡಬಲ ಬದಲಾದರೆ ಕುರ್ಚಿ ಬಳಸುವ ಓದುಗರು ಮರುಕ್ಷಣವೇ ಹಿಡಿಯುತ್ತಾರೆ, ಮತ್ತು ಆ ನಂತರ ನಿಮ್ಮ ಕಥೆಯನ್ನು ನಂಬುವುದಿಲ್ಲ.

5. ಕಥೆ ಕಟ್ಟುವಾಗ ಬಿಡಬೇಕಾದ ಅಚ್ಚುಗಳು

ಇದನ್ನು ಬೇಗ ಮುಗಿಸೋಣ, ಏಕೆಂದರೆ ಅಚ್ಚುಗಳು ಎಲ್ಲರಿಗೂ ಗೊತ್ತು. ದೇವರಂಥ ಮುಗ್ಧ, ಮನೆಯ ಹೊರೆ, ಇತರರಿಗೆ ಪಾಠ ಕಲಿಸಿ ಸಾಯುವವನು, ಕೊನೆಯಲ್ಲಿ ಗುಣವಾಗಿಬಿಡುವವಳು, ಲೆಕ್ಕದಲ್ಲೋ ಸಂಗೀತದಲ್ಲೋ ಅದ್ಭುತ ಪ್ರತಿಭೆಯಿರುವ ಆಟಿಸ್ಟಿಕ್ ಹುಡುಗ. ಕೊನೆಯದು ಹೊಗಳಿಕೆಯಂತೆ ಕಂಡರೂ, ಅಂಥ ಪ್ರತಿಭೆಯಿಲ್ಲದ ಬಹುಪಾಲು ಆಟಿಸ್ಟಿಕ್ ಜನರ ಬದುಕಿಗೆ ಸಮರ್ಥನೆಯೇ ಇಲ್ಲವೆಂದು ಹೇಳಿದಂತಾಗುತ್ತದೆ. ಹಾಸಿಗೆಯಿಂದೆದ್ದು ಹಲ್ಲುಜ್ಜಿದ್ದಕ್ಕೂ ಚಪ್ಪಾಳೆ ಹೊಡೆಯುವ ಬಗೆಯ ಕಥೆಯನ್ನು ಆಸ್ಟ್ರೇಲಿಯಾದ ವಿಕಲಚೇತನ ಪತ್ರಕರ್ತೆ ಸ್ಟೆಲ್ಲಾ ಯಂಗ್ 2012ರಿಂದ ತಮ್ಮ ಬರಹ ಮತ್ತು ಭಾಷಣಗಳಲ್ಲಿ ಬಲವಾಗಿ ಟೀಕಿಸಿದ್ದರು.

ಇವನ್ನು ಬಿಟ್ಟಮೇಲೆ ಉಳಿಯುವ ಬಯಲು ವಿಶಾಲವಾದದ್ದು, ಮತ್ತು ಅದರಲ್ಲಿ ಹೆಚ್ಚು ಖಾಲಿ ಬಿದ್ದಿರುವುದು ವಯಸ್ಕರ ಬದುಕು. ಅಮೆರಿಕದಲ್ಲಿ ಡೌನ್ ಸಿಂಡ್ರೋಮ್ ಇರುವವರ ಸರಾಸರಿ ಆಯಸ್ಸು 1980ರ ದಶಕದ ಆರಂಭದಲ್ಲಿ 25 ವರ್ಷದ ಆಸುಪಾಸಿನಲ್ಲಿತ್ತು. ಈಗ ಸುಮಾರು 60. ಒಂದು ತಲೆಮಾರಿನೊಳಗೆ ಹೊಸದಾಗಿ ಸೇರಿಕೊಂಡ ಈ ಮೂರೂವರೆ ದಶಕಗಳಲ್ಲಿ ಉದ್ಯೋಗ, ಸಂಬಳದ ಜಗಳ, ಪ್ರೇಮ, ತಂದೆತಾಯಿಯ ಸಾವು, ಆಸ್ತಿಯ ಸಹಿ, ಕೆಲವರಿಗೆ ಬೇಗನೆ ಬರುವ ಮರೆವಿನ ಕಾಯಿಲೆ ಎಲ್ಲವೂ ಇವೆ. ಎಪ್ಪತ್ತೈದರ ತಾಯಿ, ಐವತ್ತರ ಮಗ: ಯಾರು ಯಾರನ್ನು ನೋಡಿಕೊಳ್ಳುತ್ತಿದ್ದಾರೆ ಎಂದು ಹೇಳಲಾಗದ ಅಂಥ ಮನೆಗಳು ಬೇಕಾದಷ್ಟಿವೆ. ಪಾತ್ರಕ್ಕೆ ಕೆಟ್ಟವನಾಗುವ ಹಕ್ಕನ್ನೂ ಕೊಡಿ. ಅವನು ಸುಳ್ಳು ಹೇಳಲಿ, ತಂಗಿಯ ಮದುವೆಗೆ ಹೊಟ್ಟೆಕಿಚ್ಚು ಪಡಲಿ, ಸೋಮಾರಿಯಾಗಿರಲಿ.

6. ಕಾಯುವಿಕೆಯನ್ನು ಪುಟಕ್ಕೆ ತನ್ನಿ

ಈ ಮಾರ್ಗದರ್ಶಿಯಲ್ಲಿ ಒಂದೇ ಹೆಜ್ಜೆಯನ್ನು ಉಳಿಸಿಕೊಳ್ಳಬೇಕೆಂದರೆ ನಾನು ಇದನ್ನೇ ಉಳಿಸಿಕೊಳ್ಳುತ್ತೇನೆ. ಸಾಮಾನ್ಯ ಮಾತುಕತೆಯಲ್ಲಿ ನಿಮಿಷಕ್ಕೆ 150ರ ಆಸುಪಾಸು ಪದಗಳು ಹೊರಡುತ್ತವೆ. ಅಕ್ಷರದ ಹಲಗೆಯನ್ನೋ ಮಾತನಾಡುವ ಯಂತ್ರವನ್ನೋ ಬಳಸುವವರಲ್ಲಿ ಅದು ಅನೇಕ ವೇಳೆ 15ನ್ನೂ ಮುಟ್ಟುವುದಿಲ್ಲ. ಬೌದ್ಧಿಕ ವೈಕಲ್ಯವಿರುವವರಿಗೆ ಪ್ರಶ್ನೆ ಅರ್ಥವಾಗಿ ಉತ್ತರ ಕೂಡಿಬರಲು ಹಲವು ಕ್ಷಣಗಳು ಬೇಕಾಗಬಹುದು. ಅಷ್ಟರಲ್ಲಿ ಎದುರಿನವರು ಪ್ರಶ್ನೆಯನ್ನು ಮತ್ತೆ ಕೇಳುತ್ತಾರೆ, ಅಥವಾ ಉತ್ತರವನ್ನು ತಾವೇ ಹೇಳಿಬಿಡುತ್ತಾರೆ. ದಿನಕ್ಕೆ ಹತ್ತಾರು ಬಾರಿ ನಡೆಯುವ ಈ ಸಣ್ಣ ಕಳವನ್ನು ಚಿತ್ರಕಥೆ ಕಣ್ಣಿಗೆ ಕಟ್ಟುವಂತೆ ತೋರಿಸಬಲ್ಲದು.

ಒಂದು ಪುಟವನ್ನು ಕಟ್ಟಿ ನೋಡೋಣ. ಸೆರೆಬ್ರಲ್ ಪಾಲ್ಸಿ ಇರುವ ಅಕ್ಕ, ಅವಳ ಮಡಿಲಲ್ಲಿ ಅಕ್ಷರದ ಹಲಗೆ. ತಮ್ಮ ಬಾಗಿಲಲ್ಲಿ ನಿಂತಿದ್ದಾನೆ.

ಮೊದಲ ಚೌಕಟ್ಟಿನಲ್ಲಿ ತಮ್ಮನ ಗುಳ್ಳೆ: ‘ಅಕ್ಕಾ, ನಾಳೆ ಡಾಕ್ಟರ ಹತ್ತಿರ ನಿನ್ನ ಪರವಾಗಿ ನಾನೇ ಮಾತಾಡಬೇಕಾ?’ ಎರಡನೆಯದರಲ್ಲಿ ಅವಳ ಕೈ ಮೇಲೇಳುತ್ತದೆ, ಹಲಗೆಯನ್ನು ದಾಟಿ ಆಚೆ ಹೋಗುತ್ತದೆ. ಮೂರನೆಯದರಲ್ಲಿ ಕೈ ಹಿಂದಕ್ಕೆ ಬರುತ್ತಿದೆ, ಭುಜ ಬಿಗಿದಿದೆ. ನಾಲ್ಕನೆಯದರಲ್ಲಿ ಬೆರಳು ‘ಬೇ’ ಎಂಬಲ್ಲಿ ತಂಗಿದೆ. ಐದನೆಯದರಲ್ಲಿ ತಮ್ಮ: ‘ಬೇಕಾ? ಸರಿ ಬಿಡು, ನಾನೇ ಮಾತಾಡ್ತೀನಿ’; ಆಗಲೇ ಅವನ ಬೆನ್ನು ನಮ್ಮ ಕಡೆಗಿದೆ. ಆರನೆಯದು ಅವಳ ಮುಖ. ಏಳನೆಯದರಲ್ಲಿ ಅಂಗೈ ಹಲಗೆಗೆ ಬಡಿಯುತ್ತದೆ, ಶಬ್ದದ ಅಕ್ಷರಗಳು ಚೌಕಟ್ಟಿನ ಅಂಚನ್ನು ದಾಟುತ್ತವೆ. ಎಂಟನೆಯದರಲ್ಲಿ ತಮ್ಮ ತಿರುಗಿದ್ದಾನೆ, ಆದರೆ ನಮ್ಮ ಕಣ್ಣು ಹಲಗೆಯ ಮೇಲೆ: ಬೆರಳು ‘ಡ’ದ ಮೇಲಿದೆ.

ಇಲ್ಲಿ ವಿವರಣೆಯ ಪೆಟ್ಟಿಗೆ ಒಂದೂ ಇಲ್ಲ. ಎರಡು, ಮೂರು, ನಾಲ್ಕನೆಯ ಚೌಕಟ್ಟುಗಳನ್ನು ಒಂದಾಗಿ ಕುಗ್ಗಿಸಿದ್ದರೆ ಪುಟ ಚುರುಕಾಗುತ್ತಿತ್ತು, ತಮ್ಮನ ಅವಸರವೂ ನ್ಯಾಯವೆನಿಸುತ್ತಿತ್ತು. ಅವು ಬಿಡಿಯಾಗಿ ಉಳಿದಿರುವುದರಿಂದ ಓದುಗರು ಅವಳ ಗತಿಯಲ್ಲಿ ಓದುತ್ತಾರೆ, ಅಡ್ಡ ಬಂದವನು ತಮ್ಮ ಎನಿಸುತ್ತದೆ. ಕಣ್ಣಿನ ಎತ್ತರವನ್ನೂ ಗಮನಿಸಿ: ಇಡೀ ಪುಟವನ್ನು ಕುಳಿತವಳ ಕಣ್ಣಿನ ಮಟ್ಟದಲ್ಲಿ ಬಿಡಿಸಬೇಕು. ನಿಂತವರ ಎತ್ತರದಿಂದ ಕೆಳಗೆ ನೋಡುವ ಚೌಕಟ್ಟು ಬಂದರೆ ಅದು ತಮ್ಮನ ನೋಟವಾಗಿರಬೇಕು, ಲೇಖಕರದ್ದಾಗಬಾರದು. ತಮ್ಮನನ್ನು ಖಳನನ್ನಾಗಿಸುವ ಅಗತ್ಯವೂ ಇಲ್ಲ. ಅವನಿಗೆ ಬೇರೆ ಕೆಲಸವಿದೆ, ಅಷ್ಟೆ.

7. ಮಾತಿನ ಗುಳ್ಳೆ ಮತ್ತು ಅಕ್ಷರ

ಮಾತು ತೊದಲುವ ಪಾತ್ರದ ಮಾತನ್ನು ತೊದಲಿದಂತೆಯೇ ಬರೆಯುವುದು ಕಲಾವಿದರಿಗೆ ಹೊಳೆಯುವ ಮೊದಲ ಉಪಾಯ, ಮತ್ತು ಬಹುತೇಕ ಸಂದರ್ಭಗಳಲ್ಲಿ ಕೆಟ್ಟ ಉಪಾಯ. ಮನೆಯವರಿಗೂ ಗೆಳೆಯರಿಗೂ ಆ ಮಾತು ಸಲೀಸಾಗಿ ಅರ್ಥವಾಗುತ್ತಿದ್ದರೆ ಗುಳ್ಳೆಯೊಳಗೆ ನೇರ ಕನ್ನಡವೇ ಇರಲಿ. ಅಪರಿಚಿತರ ನೋಟದ ಚೌಕಟ್ಟಿನಲ್ಲಿ ಮಾತ್ರ ಅದೇ ಗುಳ್ಳೆಯ ಅಕ್ಷರಗಳನ್ನು ಅಲ್ಲಲ್ಲಿ ಮಸುಕಾಗಿಸಬಹುದು; ಅರ್ಥವಾಗದ ಹೊಣೆ ಆಗ ಕೇಳುವವರ ಕಡೆಗೂ ಸ್ವಲ್ಪ ಸರಿಯುತ್ತದೆ. ಯಂತ್ರದ ಧ್ವನಿಗೆ ಬೇರೆ ಆಕಾರದ ಗುಳ್ಳೆ ಕೊಡುವುದು ಸರಿಯೇ, ಆದರೆ ಅದರ ಬಾಲ ಯಂತ್ರದ ಕಡೆಗಲ್ಲದೆ ವ್ಯಕ್ತಿಯ ಕಡೆಗೆ ತಿರುಗಿರಲಿ. ಮಾತು ಅವರದ್ದು.

ಕೇಳಿದ ಮಾತನ್ನೇ ಮರಳಿ ಹೇಳುವುದು ಆಟಿಸಂನಲ್ಲಿ ಸಾಮಾನ್ಯ, ಮತ್ತು ಅದು ಅನೇಕ ಸಲ ಅರ್ಥವಿರುವ ಮಾತೇ. ರೈಲು ನಿಲ್ದಾಣದ ಪ್ರಕಟಣೆಯನ್ನು ಹುಡುಗಿಯೊಬ್ಬಳು ಮನೆಯಲ್ಲಿ ಹೇಳುತ್ತಿದ್ದರೆ ‘ಇಲ್ಲಿಂದ ಹೋಗೋಣ’ ಎಂದು ಕೇಳುತ್ತಿರಬಹುದು. ಆ ಪ್ರಕಟಣೆ ಮೊದಲು ಕೇಳಿಸಿದ ದೃಶ್ಯವನ್ನು ಮುಂಚೆಯೇ ಎಲ್ಲಾದರೂ ಇಟ್ಟು, ಎರಡೂ ಕಡೆ ಒಂದೇ ಅಕ್ಷರಶೈಲಿ ಬಳಸಿದರೆ ಓದುಗರು ತಾವಾಗಿ ಕೊಂಡಿ ಹಾಕಿಕೊಳ್ಳುತ್ತಾರೆ.

ಮಾತನಾಡದ ಪಾತ್ರದ ತಲೆಯೊಳಗೆ ಸುಲಲಿತವಾದ ಸಾಹಿತ್ಯಿಕ ಸ್ವಗತವನ್ನು ತುಂಬುವ ಆಸೆಯನ್ನು ಅನುಮಾನದಿಂದ ನೋಡಿ. ‘ಹೊರಗೆ ಹೀಗಿದ್ದರೂ ಒಳಗೆ ನಮ್ಮಂತೆಯೇ’ ಎಂಬ ಸಮಾಧಾನ ಓದುಗರಿಗೆ ಸಿಗುತ್ತದೆ, ನಿಜವಾದ ವ್ಯಕ್ತಿ ಮರೆಯಾಗುತ್ತಾನೆ. ಅವನ ಗಮನ ಎಲ್ಲಿ ನೆಡುತ್ತದೆ, ಯಾವುದನ್ನು ತಿರುತಿರುಗಿ ನೋಡುತ್ತಾನೆ ಎಂಬುದನ್ನು ಪದವಿಲ್ಲದ ಚೌಕಟ್ಟುಗಳಲ್ಲಿ ತೋರಿಸುವುದು ಕಷ್ಟವಾದರೂ ಹೆಚ್ಚು ಪ್ರಾಮಾಣಿಕ. ಇದಕ್ಕೆ ಸೇರಿದ ಒಂದು ಎಚ್ಚರಿಕೆಯೂ ಇದೆ. ಸಹಾಯಕರು ಕೈಯನ್ನೋ ತೋಳನ್ನೋ ಹಿಡಿದು ಅಕ್ಷರಗಳನ್ನು ಮುಟ್ಟಿಸುವ ವಿಧಾನದಿಂದ ಬಂದ ಬರಹವನ್ನು ಆ ವ್ಯಕ್ತಿಯ ಮಾತೆಂದು ಬಳಸಬೇಡಿ. ಆ ಪದಗಳು ತಿಳಿಯದೆಯೇ ಸಹಾಯಕರಿಂದ ಬರುತ್ತವೆ ಎಂದು ನಿಯಂತ್ರಿತ ಪರೀಕ್ಷೆಗಳು ತೋರಿಸಿವೆ; ಅಮೆರಿಕದ ವಾಕ್-ಶ್ರವಣ ತಜ್ಞರ ಸಂಘ 2018ರಲ್ಲಿ ಇದರ ವಿರುದ್ಧ ಸ್ಪಷ್ಟ ನಿಲುವು ಪ್ರಕಟಿಸಿತು. ತಾನಾಗಿ ಬೆರಳಿಟ್ಟು ತೋರಿಸುವವರ, ಕಣ್ಣಿನಿಂದ ಆಯ್ಕೆ ಮಾಡುವವರ ಮಾತು ಇದಕ್ಕಿಂತ ಸಂಪೂರ್ಣ ಬೇರೆ.

8. ಇಂದ್ರಿಯಗಳ ಒತ್ತಡವನ್ನು ಒಳಗಿನಿಂದ ಬಿಡಿಸಿ

ಗದ್ದಲ, ಬೆಳಕು, ಗುಂಪು ಮಿತಿಮೀರಿ ಆಟಿಸ್ಟಿಕ್ ವ್ಯಕ್ತಿ ಕುಸಿಯುವ ಕ್ಷಣವನ್ನು ಹೊರಗಿನಿಂದ ಬಿಡಿಸಿದರೆ ಕಿರುಚುವ ಬಾಯಿ, ಚೆಲ್ಲಾಪಿಲ್ಲಿಯಾದ ವಸ್ತುಗಳು, ಗಾಬರಿಯ ಮುಖಗಳು ಮಾತ್ರ ಸಿಗುತ್ತವೆ. ಆ ಕ್ಷಣಕ್ಕಿಂತ ಮುಂಚಿನ ಅರ್ಧ ಗಂಟೆಯನ್ನು ಬಿಡಿಸಿ. ತರಗತಿಯ ಟ್ಯೂಬ್‌ಲೈಟಿನ ‘ಝೀ’ ಎಂಬ ಸದ್ದನ್ನು ಮೊದಲ ಚೌಕಟ್ಟಿನ ಮೇಲಂಚಿನಲ್ಲಿ ಕೂದಲೆಳೆಯಷ್ಟು ತೆಳುವಾಗಿ ಬರೆಯಿರಿ. ಮುಂದಿನದರಲ್ಲಿ ಅದು ಸ್ವಲ್ಪ ದಪ್ಪವಾಗಲಿ. ಅದರ ಮುಂದಿನದರಲ್ಲಿ ಬೆಂಚು ಎಳೆದ ಸದ್ದು ಅದರ ಮೇಲೆ ಬೀಳಲಿ. ಕ್ರಮೇಣ ಶಿಕ್ಷಕಿಯ ಗುಳ್ಳೆ ಮೂಲೆಗೆ ಒತ್ತಿಕೊಂಡು ಅರ್ಧ ಮಾತು ಚೌಕಟ್ಟಿನ ಆಚೆ ಕತ್ತರಿಸಿಹೋಗಲಿ. ಆಮೇಲೆ ಒಂದೇ ಒಂದು ಚೌಕಟ್ಟನ್ನು ಶಿಕ್ಷಕಿಯ ನೋಟದಿಂದ ಬಿಡಿಸಿ: ಶಾಂತವಾದ ಕೋಣೆ, ಯಾವ ಸದ್ದೂ ಇಲ್ಲ, ಕಿವಿ ಮುಚ್ಚಿಕೊಂಡು ಕುಳಿತ ಹುಡುಗಿ. ಆಟಿಸ್ಟಿಕ್ ಜನರಿಗೂ ಉಳಿದವರಿಗೂ ನಡುವಿನ ತಿಳಿವಳಿಕೆಯ ಕೊರತೆ ಎರಡೂ ಕಡೆಯದ್ದು ಎಂದು ಸ್ವತಃ ಆಟಿಸ್ಟಿಕ್ ಆಗಿರುವ ಸಂಶೋಧಕ ಡೇಮಿಯನ್ ಮಿಲ್ಟನ್ 2012ರಲ್ಲಿ ವಾದಿಸಿದ್ದರು. ಅಕ್ಕಪಕ್ಕದ ಈ ಎರಡು ಚೌಕಟ್ಟುಗಳು ಅದನ್ನೇ ಚಿತ್ರದಲ್ಲಿ ಹೇಳುತ್ತವೆ.

ಎಲ್ಲರೂ ಕಿರುಚುವುದಿಲ್ಲ. ಕೆಲವರು ಮಾತು ನಿಂತು, ಕದಲದೆ ಕೂತುಬಿಡುತ್ತಾರೆ. ಆಗ ಬಣ್ಣಗಳನ್ನು ಒಂದೊಂದಾಗಿ ಹಿಂತೆಗೆಯಬಹುದು. ಸಂತೋಷವೂ ಇಂದ್ರಿಯಗಳದ್ದೇ ಎಂಬುದನ್ನು ಮರೆಯಬೇಡಿ: ತಿರುಗುವ ಫ್ಯಾನನ್ನು ನೋಡುವುದರಲ್ಲಿ, ಕೈ ಬಡಿಯುವುದರಲ್ಲಿ, ಒಂದೇ ಪದವನ್ನು ಹೇಳಿಕೊಳ್ಳುತ್ತಿರುವುದರಲ್ಲಿ ಇರುವ ಸುಖಕ್ಕೂ ಒಂದು ಇಡೀ ಪುಟ ಸಲ್ಲಬೇಕು. ಆ ಪುಟದಲ್ಲಿ ಯಾರೂ ಅದನ್ನು ನಿಲ್ಲಿಸಲು ಬಾರದಿರಲಿ.

9. ಮಸಿ ಹಾಕುವ ಮುಂಚೆ ಓದಿಸಿ

ಪರೀಕ್ಷಾ ಓದಿಗೆ ಸರಿಯಾದ ಹೊತ್ತು ಪೆನ್ಸಿಲ್ ಹಂತ. ಮಸಿ, ಬಣ್ಣ, ಅಕ್ಷರ ಮುಗಿದ ಮೇಲೆ ಸಿಕ್ಕ ಸಲಹೆಯನ್ನು ಸಮಯವಿಲ್ಲವೆಂದು ತಳ್ಳಿಹಾಕುವುದು ಸುಲಭ. ಆದ್ದರಿಂದ ವೇಳಾಪಟ್ಟಿ ಹಾಕುವಾಗಲೇ, ಓದಿಸಲು ಮಾತ್ರವಲ್ಲದೆ ಓದಿಸಿದ ಮೇಲೆ ಪುಟಗಳನ್ನು ಮತ್ತೆ ಬಿಡಿಸಲು ಕೂಡ ವಾರಗಳನ್ನು ಬಿಟ್ಟಿಡಿ. ಮನೆಯವರು, ಚಿಕಿತ್ಸಕರು, ಶಿಕ್ಷಕರು ಓದಿದರೆ ಒಳ್ಳೆಯದು, ಆದರೆ ಅವರ ಓದು ಆ ಸ್ಥಿತಿಯಲ್ಲಿ ಬದುಕುವವರ ಓದಿಗೆ ಬದಲಿಯಾಗುವುದಿಲ್ಲ. ಇಬ್ಬರು ವಿಕಲಚೇತನ ಓದುಗರ ಅಭಿಪ್ರಾಯ ಬೇರೆಬೇರೆಯಾದರೆ ಗಾಬರಿಯಾಗಬೇಡಿ. ನಿಮ್ಮ ಪಾತ್ರದ ಹಂತ, ವಯಸ್ಸು, ಬೆಂಬಲ ಯಾರ ಬದುಕಿಗೆ ಹೆಚ್ಚು ಹತ್ತಿರವೋ ಅವರ ಮಾತಿಗೆ ಹೆಚ್ಚು ತೂಕ ಕೊಡಿ.

ಬೌದ್ಧಿಕ ವೈಕಲ್ಯವಿರುವವರಿಗೆ ಪುಟಗಳನ್ನು ದೊಡ್ಡದಾಗಿ ಮುದ್ರಿಸಿ, ಒಂದು ಸಲಕ್ಕೆ ಒಂದೇ ಪುಟ ಕೊಡಿ. ‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರವೇ ಬರುತ್ತದೆ. ‘ಇಲ್ಲಿ ಯಾರಿಗೆ ಸಿಟ್ಟು ಬಂದಿದೆ?’, ‘ಈಗ ಇವಳು ಏನು ಮಾಡಬೇಕು?’, ‘ಈ ಮನುಷ್ಯ ನಿಮಗೆ ಇಷ್ಟವಾಗುತ್ತಾನಾ?’ ಎಂದು ಕೇಳಿ, ಉತ್ತರಕ್ಕೆ ಕಾಯಿರಿ. ಚೌಕಟ್ಟುಗಳ ಕ್ರಮದಲ್ಲಿ ಎಲ್ಲಿ ದಾರಿ ತಪ್ಪುತ್ತಾರೆ ಎಂಬುದನ್ನೂ ಗಮನಿಸಿ. ಅಲ್ಲಿ ಬೇರೆ ಓದುಗರೂ ತಪ್ಪುತ್ತಿರುತ್ತಾರೆ, ಹೇಳಿರುವುದಿಲ್ಲ ಅಷ್ಟೆ.

ಪುಸ್ತಕ ಅಚ್ಚಾದ ದಿನ, ಸಹಾಯ ಮಾಡಿದ ಪ್ರತಿಯೊಬ್ಬರಿಗೂ ಅವರದೇ ಒಂದೊಂದು ಪ್ರತಿಯನ್ನು ನೇರವಾಗಿ ಅವರ ಕೈಗೆ ಕೊಡಿ, ಮನೆಯವರ ಕೈಗಲ್ಲ. ಒಳಪುಟದಲ್ಲಿ ತಮ್ಮ ಹೆಸರು ಬರಬೇಕೇ, ಬಂದರೆ ಯಾವ ಹೆಸರು, ಯಾವ ಅಕ್ಷರಗಳಲ್ಲಿ ಎಂಬುದನ್ನು ಅದಕ್ಕೂ ಮುಂಚೆಯೇ ಅವರಿಂದಲೇ ಕೇಳಿ ಬರೆದುಕೊಂಡಿರಬೇಕು.